ಬಾಡಿಗೆ ಗಾಡಿ ಬೇಡ, ಮಗಳು ದಾರಿ ತೋರಿಸಲಿ

(ಮಲೆನಾಡಿನ ತೋಟಗಳಿಂದ ಬೇಸಿಗೆ ರಜೆಗೆ ಊರಿಗೆ ಬಂದಿದ್ದ ಕುಟುಂಬಗಳ ಕೂಟದಲ್ಲಿ, ಕೃಷ್ಣಾದಲ್ಲಿ ಆಡಿದ ಮಾತು)



ನೀವು ಕಳೆಯುತ್ತಿರುವ ಈ ರಜೆ ಯಾರೂ ದಯೆಯಿಂದ ಕೊಟ್ಟದ್ದಲ್ಲ. 20 ದಿನ ದುಡಿದರೆ 1 ದಿನ ಸಂಬಳದ ರಜೆ ಎಂದು 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಬರೆದಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದೇ ಲೆಕ್ಕ ಉಳಿದಿದೆ. ವರ್ಷದಲ್ಲಿ 180 ದಿನ ದುಡಿದಿರಬೇಕು. ಹೀಗೆ ಹಕ್ಕಿನಿಂದ ಬಂದ ರಜೆಯಲ್ಲಿ ಎರಡು ದಿನ ಮಕ್ಕಳಿಗೆ ಹೈದರಾಬಾದ್ ತೋರಿಸಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಆಸೆ. ಒಳ್ಳೆಯ ಆಸೆಯೇ. ಆದರೆ ಅದಕ್ಕೊಂದು ಬಾಡಿಗೆ ಕಾರು ಬೇಕು, ಕಾರಿಗೆ ಮೇಸ್ತ್ರಿಯ ಹತ್ತಿರ ಮುಂಗಡ ಬೇಕು ಎನ್ನುತ್ತೀರಿ. ಎರಡು ದಿನದ ತಿರುಗಾಟ ಎರಡೇ ದಿನಕ್ಕೆ ಮುಗಿಯುತ್ತದೆ, ಮುಂಗಡ ಮುಗಿಯುವುದಿಲ್ಲ. ಮುಂದಿನ ಕೊಯ್ಲಿನಲ್ಲಿ ಕಾಫಿ ಹಣ್ಣು ಕೊಯ್ದು ಕೊಯ್ದು ಅದನ್ನು ತೀರಿಸಬೇಕು.

ದುಡ್ಡಿಗಿಂತ ದೊಡ್ಡ ಮಾತೊಂದಿದೆ. ನಮ್ಮ ಸೀಮೆಯ ಹಿರಿಯರಿಗೆ 'ಪಾಲಮೂರು ಕೂಲಿಗಳು' ಎಂದು ದೇಶದಲ್ಲೆಲ್ಲ ಹೆಸರಿತ್ತು. ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟಲು ಗುತ್ತೇದಾರನ ಲಾರಿ ಹತ್ತಿ ಹೋದವರು, ಲಾರಿ ತಂದು ಬಿಟ್ಟಾಗ ಬಂದವರು. ಕರೆದೊಯ್ದವನಿಲ್ಲದೆ ಊರಿಗೆ ಮರಳುವ ದಾರಿ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ದಾರಿ ಗೊತ್ತಿಲ್ಲದವನಿಗೆ ಕೆಲಸ ಬಿಡುವ ಸ್ವಾತಂತ್ರ್ಯವೂ ಇಲ್ಲ. ನಿಮ್ಮ ಮನೆಯ ಹದಿನೈದರ ಮಗನೋ ಮಗಳೋ ನಾಳೆ ಹಾಸ್ಟೆಲಿಗೆ, ಐ.ಟಿ.ಐ.ಗೆ, ಇಲ್ಲವೆ ಕೆಲಸಕ್ಕೆ ಒಬ್ಬರೇ ಪಟ್ಟಣ ಸೇರುವವರು. ಕಾರಿನಲ್ಲಿ ಕೂತು ಹೋದ ಮಗು ಡ್ರೈವರನ ಬೆನ್ನು ನೋಡಿರುತ್ತದೆ, ದಾರಿ ನೋಡಿರುವುದಿಲ್ಲ. ಆದ್ದರಿಂದ ಈ ಪ್ರಯಾಣದ ಯೋಜನೆಯನ್ನು ಮಗುವಿನ ಕೈಗೇ ಕೊಡಿ.

ಮೊದಲು ಹೋಗುವ ಬಗೆ. ನಮ್ಮ ಕೃಷ್ಣಾ ಸ್ಟೇಶನ್ನು ಮುಂಬಯಿ–ಮದ್ರಾಸು ಮಾರ್ಗದಲ್ಲಿ ಹಿಂದಿನಿಂದ ಇದ್ದದ್ದು. ಆದರೂ ರೈಲಿನಲ್ಲಿ ಹೈದರಾಬಾದಿಗೆ ಹೋಗಲು ವಾಡಿ ಸುತ್ತಬೇಕಿತ್ತು. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಹೊಸ ಹಳಿ ತೆರೆಯಿತು. ಅಂದೇ ಕಾಚಿಗುಡಾ–ರಾಯಚೂರು ಗಾಡಿಯೂ ಹೊರಟಿತು. ಮಕ್ತಲ್, ದೇವರಕದ್ರ, ಮಹಬೂಬ್‌ನಗರದ ಮೇಲೆ ನೇರ ದಾರಿ. 12 ವರ್ಷ ತುಂಬಿದವರಿಗೆ ಪೂರ್ತಿ ಟಿಕೆಟ್ಟು. ಗಾಡಿಯ ವೇಳೆಯನ್ನು ಮಗಳೇ ಸ್ಟೇಶನ್ನಿಗೆ ಹೋಗಿ ಕೇಳಿ ಬರೆದುಕೊಳ್ಳಲಿ. ರಾತ್ರಿ ತಲಪುವಂತಿದ್ದರೆ ಉಳಿಯುವ ಜಾಗವನ್ನು ಮೊದಲೇ ಗೊತ್ತುಮಾಡಿ.

ಬಸ್ಸಾದರೆ ಒಂದು ಎಚ್ಚರಿಕೆ. ತೆಲಂಗಾಣದ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ 2023ರ ಡಿಸೆಂಬರ್ 9ರಿಂದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಉಚಿತ. ಆದರೆ ಆ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಬೇಕು. ನಿಮ್ಮಲ್ಲಿ ಕೆಲವರ ಆಧಾರ್ ಊರಿನ ವಿಳಾಸದಲ್ಲಿದೆ, ಕೆಲವರದು ತೋಟದ ವಿಳಾಸದಲ್ಲಿದೆ. ತೋಟದ ವಿಳಾಸದವರು ಇಲ್ಲಿ ಟಿಕೆಟ್ ಕೊಳ್ಳಬೇಕು. ಕರ್ನಾಟಕದಲ್ಲಿ ಅವರಿಗೆ 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆ ಇದೆ. ಒಂದೇ ಮನೆಯಲ್ಲಿ ತಾಯಿಗೆ ಟಿಕೆಟ್, ಮಗಳಿಗೆ ಉಚಿತ ಎಂದಾಗಬಹುದು. ಹೊರಡುವ ಮುನ್ನ ಚೀಟಿಗಳನ್ನು ತೆಗೆದು ನೋಡಿ.

ಇನ್ನು ಪಟ್ಟಣ. ರೈಲಿಳಿಯುವ ಕಾಚಿಗುಡಾದಲ್ಲಿ ನೃಪತುಂಗ ಕನ್ನಡ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ, ಪರಸ್ಥಳವೆಂದು ಹೆದರಬೇಡಿ. ಬಸ್ಸಿಳಿಯುವ ಎಂ.ಜಿ.ಬಿ.ಎಸ್. ಮೂಸಿ ನದಿಯ ನಡುವೆ ಇದೆ. ಅಲ್ಲಿಂದ ಮೊದಲ ದಿನದ್ದೆಲ್ಲ ನಡಿಗೆಯ ದಾರಿ. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತಾಗ, ಈ ಮರ ಹತ್ತಿದ ಸುಮಾರು 150 ಜನ ಬದುಕಿದರೆಂದು ಹೇಳುತ್ತಾರೆ. ಮತ್ತೆ ಹಾಗಾಗದಂತೆ ಯೋಜನೆ ಹಾಕಲು ಬಂದವರು ನಮ್ಮ ಎಂ. ವಿಶ್ವೇಶ್ವರಯ್ಯನವರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಯೋಜನೆಯಿಂದಲೇ ಹುಟ್ಟಿದವು.

ಹೊಳೆ ದಾಟಿದರೆ ಸಾಲಾರ್‌ಜಂಗ್ ಮ್ಯೂಸಿಯಂ. ಶುಕ್ರವಾರ ರಜೆ. ಬಿಸಿಲಿನ ಹೊತ್ತನ್ನು ಅದರೊಳಗೆ ಕಳೆಯಿರಿ. ಅಲ್ಲೊಂದು ಗಡಿಯಾರವಿದೆ. ಗಂಟೆಗೊಮ್ಮೆ ಪುಟ್ಟ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. ನಡು ಮಧ್ಯಾಹ್ನಕ್ಕೆ ಹೋದರೆ 12 ಪೆಟ್ಟು. ಜನ ನೆರೆಯುವುದು ಅದನ್ನು ನೋಡಲು. ಪಕ್ಕದಲ್ಲೇ ಕ್ಷಣಕ್ಕೊಂದು ಸುತ್ತಿಗೆ ಪೆಟ್ಟು ಹಾಕುವ ಕಮ್ಮಾರನ ಬೊಂಬೆಯೂ ಇದೆ. ಅವನನ್ನು ಮಕ್ಕಳಿಗೆ ಮರೆಯದೆ ತೋರಿಸಿ, ಅವನು ನಮ್ಮವನು.

ಇನ್ನೊಂದು ಕೋಣೆಯಲ್ಲಿ ಮುಸುಕು ಹಾಕಿದ ರೆಬೆಕ್ಕಳ ಪ್ರತಿಮೆ, ಇಟಲಿಯ ಬೆಂಜೋನಿ 1876ರಲ್ಲಿ ಕಡೆದದ್ದು. ಅಮೃತಶಿಲೆಯ ಮುಸುಕಿನೊಳಗಿಂದ ಮುಖ ಕಾಣಿಸುತ್ತದೆ. ಆದಿಕಾಂಡ ಓದಿದ ಮಗಳು ಆಕೆಯ ಕಥೆಯನ್ನು ನಿಮಗೆ ಹೇಳಲಿ. ದೂರದ, ಕಾಣದ ಊರಿಗೆ ಹೊರಡುವ ಹೊತ್ತಿಗೆ ಮನೆಯವರು ಆ ಹುಡುಗಿಯನ್ನೇ ಕರೆದು ಕೇಳಿದರು. ಹೋಗುತ್ತೇನೆಂದು ಆಕೆಯೇ ಹೇಳಿದಳು.

ಅಲ್ಲಿಂದ ಪತ್ತರ್‌ಗಟ್ಟಿ ಬೀದಿ ಹಿಡಿದರೆ 1591ರ ಚಾರ್‌ಮಿನಾರ್. ಅದರ ಸುತ್ತ ನಡೆಯುವವರಿಗೇ ಜಾಗ. ಕಾರಿನವರೂ ಇಳಿದು ನಡೆಯಬೇಕು.

ಎರಡನೆಯ ದಿನ ಮೆಟ್ರೊ. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವ ಕೆಂಪು ಮಾರ್ಗದಲ್ಲಿ 27 ನಿಲ್ದಾಣಗಳು, ಎಂ.ಜಿ.ಬಿ.ಎಸ್.ನಲ್ಲೇ ಹತ್ತಬಹುದು. ಅಸೆಂಬ್ಲಿ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಬಿರ್ಲಾ ತಾರಾಲಯ. ಮಧ್ಯಾಹ್ನದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ಮಗಳ ಇಷ್ಟ. ಅಂಗಡಿ ಬೀದಿ ಎಂದರೆ ಅಂಗಡಿ ಬೀದಿ, ಮುಖ ಸಿಂಡರಿಸಬೇಡಿ.

ಕೆಲಸವನ್ನು ಹಂಚಿಕೊಳ್ಳಿ. ತೆಲುಗು, ಹಿಂದಿ ಮಾತು ನಿಮ್ಮದು. ತೋಟದಲ್ಲಿ ಬೆಳೆದ ಮಗಳಿಗೆ ಅದು ಬಾರದಿರಬಹುದು. ನಕ್ಷೆ, ಇಂಗ್ಲಿಷ್ ಬೋರ್ಡು, ಟಿಕೆಟ್ ಯಂತ್ರ ಅವಳದು. ಒಂದು ದಿನದ ಖರ್ಚಿನ ಹಣ ಅವಳ ಕೈಯಲ್ಲಿರಲಿ, ಲೆಕ್ಕ ಬರೆಯಲಿ. ಮರಳಿ ಬರುವ ಹಣ ತಾಯಿಯ ಹತ್ತಿರ ಬೇರೆ ಇರಲಿ. ಕೈತಪ್ಪಿದರೆ ಸೇರುವ ಜಾಗವನ್ನು ಬೆಳಿಗ್ಗೆಯೇ ಗೊತ್ತುಮಾಡಿ, ಫೋನ್ ನಂಬರನ್ನು ಚೀಟಿಯಲ್ಲೂ ಬರೆದಿಡಿ. ಅವಳು ಎರಡು ನಿಲ್ದಾಣ ಮುಂದೆ ಇಳಿಸಿದರೆ ಜನರ ಮುಂದೆ ಬಯ್ಯಬೇಡಿ. ತಾನೇ ತಿಳಿದು ಎದುರಿನ ಗಾಡಿ ಹಿಡಿದು ನಿಮ್ಮನ್ನು ವಾಪಸ್ ಕರೆತಂದಳೆಂದರೆ, ಹೋದದ್ದು ಸಾರ್ಥಕವಾಯಿತು ಎಂದು ತಿಳಿಯಿರಿ.

ಈ ಸಲ ಆಗದವರು ತೋಟದ ಕಡೆಯಿಂದಲೇ ಮಾಡಬಹುದು. ಕೊಡಗಿನವರಿಗೆ ಮೈಸೂರಿದೆ, ಸರಕಾರಿ ಬಸ್ಸಿದೆ. ಊರು ಯಾವುದಾದರೂ ಸರಿ. ಇವತ್ತು ಮನೆಗೆ ಹೋದ ಮೇಲೆ ಮಗಳಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ನಮ್ಮಲ್ಲಿರುವ ಹಣ ಇಷ್ಟು, ದಿನ ಎರಡು, ನಮ್ಮನ್ನು ಕರೆದುಕೊಂಡು ಹೋಗು ಎಂದು ಹೇಳಿ.