ವಿಮಾನದ ಅಂಬಿಗತನ
(ಶ್ರೀಮಠದ ಮಹೋತ್ಸವದ ಅಂಗವಾಗಿ ಕರಾವಳಿಯ ಭಕ್ತರ ಮಕ್ಕಳಿಗಾಗಿ ಕೂಡಿಸಿದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಹೊನ್ನಾವರದ ಬಳಿ ಶರಾವತಿಗೆ ಸೇತುವೆಯಾಗುವುದಕ್ಕೆ ಮುನ್ನ ಹೊಳೆಯನ್ನು ದಾಟತಕ್ಕವರು ಅಂಬಿಗನನ್ನೇ ನಂಬಿ ದೋಣಿಯಲ್ಲಿ ಕೂಡಬೇಕಾಗಿದ್ದಿತು. ಅವನ ಸಿರಿಸಂಪತ್ತನ್ನು ಆಗ ಯಾರೂ ವಿಚಾರಿಸುತ್ತಿರಲಿಲ್ಲ. ಗಾಳಿಯ ಗತಿಯನ್ನೂ ಭರತ ಇಳಿತಗಳ ವೇಳೆಯನ್ನೂ ಅವನು ಬಲ್ಲನೋ ಇಲ್ಲವೋ ಎಂಬುದೊಂದೇ ಪ್ರಶ್ನೆಯು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರು ಹುಟ್ಟನ್ನು ಕೈಬಿಡದೆಯೇ ಶರಣರ ಪಂಕ್ತಿಯಲ್ಲಿ ಸೇರಿದರು. ಅವರ ಕಾಯಕವು ತಮ್ಮ ಹೊಟ್ಟೆಯ ಪಾಡಿಗೆ ಮಾತ್ರವಾಗಿರದೆ, ಒಡನೆ ಕುಳಿತವರ ಪ್ರಾಣಗಳ ಹೊಣೆಯೂ ಆಗಿದ್ದಿತು. ಭಟ್ಕಳದಿಂದ ದುಬೈಗೆ ದುಡಿಯಲು ಹೋಗುವ ಮಗನೂ, ಅವನನ್ನು ಕಾಣಲು ಹೋಗುವ ವೃದ್ಧ ತಾಯಿಯೂ ಇಂದು ಅದೇ ರೀತಿಯಾಗಿ ಮುಖವನ್ನೇ ಕಾಣದ ಅಂಬಿಗನೊಬ್ಬನನ್ನು ನಂಬಿ ಆಕಾಶದಲ್ಲಿ ಕುಳಿತಿರುತ್ತಾರೆ.

ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆಯಿಂದ ಬರುವ ಭಕ್ತರಲ್ಲಿ ಕೆಲವರು ಹದಿನೈದು ಹದಿನಾರು ವರ್ಷದ ಮಕ್ಕಳನ್ನು ಮುಂದೆ ನಿಲ್ಲಿಸಿ, “ಇವನು ವಿಮಾನ ನಡೆಸುವವನಾಗಬೇಕೆನ್ನುತ್ತಾನೆ, ಬುದ್ಧೀ, ಅಡಿಕೆ ತೋಟವನ್ನು ಒತ್ತೆಯಿಡಲೇ?” ಎಂದು ಕೇಳುವುದುಂಟು. ಆಶೀರ್ವಾದವನ್ನು ಬೇಡಿದವರಿಗೆ ಅದು ದೊರೆಯುವುದು ಕಷ್ಟವಲ್ಲ. ಆದರೆ ತೋಟದ ಪ್ರಶ್ನೆಗೆ ಉತ್ತರವನ್ನು ಆಶೀರ್ವಾದದಿಂದ ಕೊಡಲಾಗದು. ವಿಷಯವನ್ನು ತಿಳಿದೇ ಕೊಡಬೇಕು.

ಇಲ್ಲಿ ಒಂದು ಮಾತನ್ನು ಮೊದಲೇ ತೀರಿಸಿಬಿಡುವುದು ಒಳ್ಳೆಯದು. ವಿಮಾನವೆಂದೊಡನೆ ಪುಷ್ಪಕವನ್ನು ನೆನೆದು, ಈ ವಿದ್ಯೆಯು ನಮ್ಮವರಿಗೆ ಹಿಂದೆಯೇ ಇದ್ದಿತೆಂದು ಹಿಗ್ಗುವ ವಿದ್ವಾಂಸರು ಇನ್ನೂ ಇದ್ದಾರೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಂಡಿತರು 1974ರಲ್ಲಿ ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ರಚನೆಯೆಂದೂ, ಅದರಲ್ಲಿ ಹೇಳಿದ ಯಂತ್ರಗಳು ನೆಲವನ್ನು ಬಿಟ್ಟೇಳಲಾರವೆಂದೂ ತೋರಿಸಿರುತ್ತಾರೆ. ಸಂಸ್ಕೃತವನ್ನು ಓದಿದವರು ಇದರಿಂದ ಕುಗ್ಗಬೇಕಾದುದೇನೂ ಇಲ್ಲ. ಹುಡುಗರು ಮಾತ್ರ ಆ ವಾದದಲ್ಲಿ ಕಾಲವನ್ನು ಕಳೆಯಬಾರದು.

ಮೊದಲು ದೇಹದ ವಿಷಯ. ಇದನ್ನು ಕಡೆಗಿಟ್ಟುಕೊಂಡು ಕೆಟ್ಟ ಮನೆತನಗಳುಂಟು. ವೈದ್ಯರ ಒಪ್ಪಿಗೆಯಿಲ್ಲದೆ ಯಾರೂ ಚಾಲಕರಾಗಲಾರರು. ಮೊದಲು ಎರಡನೆಯ ವರ್ಗದ ಪರೀಕ್ಷೆ, ವೃತ್ತಿಯ ಲೈಸೆನ್ಸಿಗೆ ಮೊದಲನೆಯ ವರ್ಗದ ಪರೀಕ್ಷೆ. ಎರಡನೆಯದನ್ನು ಸರಕಾರವು ನೇಮಿಸಿದ ವೈದ್ಯರು ನಡೆಸುತ್ತಾರೆ. ಮೊದಲನೆಯದು ನಡೆಯುವ ಸ್ಥಳಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯೂ ಒಂದು. ಕನ್ನಡಕವಿದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಕನ್ನಡಕದಿಂದ ದೃಷ್ಟಿಯು ಗೊತ್ತಾದ ಮಿತಿಯೊಳಗೆ ಸರಿಹೋದರೆ ಸಾಕು. ಆದರೆ ಕೆಂಪು ಹಸಿರುಗಳನ್ನು ಬೇರ್ಪಡಿಸಿ ಕಾಣದ ಕಣ್ಣು, ಅಪಸ್ಮಾರ, ಕೆಲವು ಹೃದ್ರೋಗಗಳು ಇವು ಪ್ರಬಲವಾದ ಅಡ್ಡಿಗಳು. ವರ್ಣಾಂಧತೆಯುಳ್ಳ ಹುಡುಗನಿಗೆ ತನ್ನ ಕಣ್ಣಿನ ದೋಷವು ಎಷ್ಟೋ ವರ್ಷ ತಿಳಿದೇ ಇರುವುದಿಲ್ಲ. ಚುಕ್ಕಿಗಳ ನಡುವೆ ಅಂಕಿಗಳನ್ನು ಅಡಗಿಸಿದ ಚಿತ್ರಪುಸ್ತಕವನ್ನು ಕಣ್ಣಿನ ವೈದ್ಯರು ಮುಂದಿಟ್ಟಾಗ ಐದು ನಿಮಿಷದಲ್ಲಿ ಅದು ತಿಳಿದುಹೋಗುತ್ತದೆ. ಆ ಐದು ನಿಮಿಷವನ್ನು ಹದಿನೈದನೆಯ ವಯಸ್ಸಿನಲ್ಲಿಯೇ ಕಳೆಯತಕ್ಕದ್ದು, ತೋಟವನ್ನು ಒತ್ತೆಯಿಟ್ಟ ಮೇಲಲ್ಲ.

ಓದಿನ ವಿಷಯವು ಸಂಕ್ಷೇಪವಾಗಿದೆ. ಇದುವರೆಗೆ ನಡೆದುಬಂದ ನಿಯಮದಂತೆ ಹನ್ನೆರಡನೆಯ ತರಗತಿಯಲ್ಲಿ ಭೌತವಿಜ್ಞಾನವೂ ಗಣಿತವೂ ಇರಬೇಕು. ಆಗ ಬಿಟ್ಟವರು ಮುಕ್ತ ಶಾಲೆಯ ಮೂಲಕ ಆ ಎರಡನ್ನು ಮಾತ್ರ ಕಟ್ಟಿ ತೇರ್ಗಡೆಯಾಗುವುದುಂಟು. ವಿದ್ಯಾರ್ಥಿ ಚಾಲಕನ ಪತ್ರವು ಹದಿನಾರಕ್ಕೆ ಸಿಕ್ಕುತ್ತದೆ. ವೃತ್ತಿಯ ಲೈಸೆನ್ಸಿಗೆ ಹದಿನೆಂಟು ವರ್ಷವೂ 200 ಗಂಟೆಗಳ ಹಾರಾಟವೂ ಬೇಕು. ದೊಡ್ಡ ವಿಮಾನದ ಮುಖ್ಯ ಚಾಲಕನಾಗಲು ಬೇಕಾದ ಮೇಲಿನ ಲೈಸೆನ್ಸಿಗೆ 21 ವರ್ಷವೂ 1500 ಗಂಟೆಗಳೂ ಆಗಬೇಕು. ದಿಕ್ಕು ಗಣನೆ, ಹವೆ, ವಾಯುಯಾನದ ಕಾಯಿದೆ, ಯಂತ್ರ ಇವುಗಳ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಅಂಕಗಳು ಬಾರದಿದ್ದರೆ ತೇರ್ಗಡೆಯಿಲ್ಲ. ಇಂಗ್ಲೀಷು ಬೇಕೇಬೇಕು. ಆದರೆ ಕನ್ನಡ ಶಾಲೆಯ ಹುಡುಗನು ಇದಕ್ಕೆ ಹೆದರಬೇಕಾದುದಿಲ್ಲ. ರೇಡಿಯೋದಲ್ಲಿ ಆಡುವ ಮಾತುಗಳು ಬಹುಮಟ್ಟಿಗೆ ಗೊತ್ತಾದ ಕಟ್ಟಿನವು, ಅಲಂಕಾರಕ್ಕೆ ಅಲ್ಲಿ ಎಡೆಯಿಲ್ಲ.

ಗಣಿತವನ್ನು ಪುಸ್ತಕದಲ್ಲಿ ಕೂಡಿಹಾಕದೆ ತಮ್ಮ ಊರಿನ ಮೇಲೆಯೇ ಹರಡಿ ನೋಡಬೇಕು. ಪಂಚಾಂಗವನ್ನು ಬಲ್ಲವರಿಗೆ ಒಂದು ಅಂಶಕ್ಕೆ ಅರವತ್ತು ಕಲೆಗಳೆಂಬುದು ಗೊತ್ತಿರುವುದಷ್ಟೆ. ಭೂಮಿಯ ಅಕ್ಷಾಂಶದಲ್ಲಿ ಒಂದು ಕಲೆಯೇ ನಾವಿಕರ ಒಂದು ಮೈಲಿ; ಅದು 1852 ಮೀಟರು. ವಿಮಾನದವರೂ ಇದೇ ಮೈಲಿಯನ್ನು ಹಿಡಿದಿರುತ್ತಾರೆ. ಭಟ್ಕಳಕ್ಕೂ ಕುಮಟೆಗೂ ಅಕ್ಷಾಂಶದಲ್ಲಿ ಸುಮಾರು 27 ಕಲೆಗಳ ಅಂತರವಿರುವುದರಿಂದ, ಅಷ್ಟು ನಾವಿಕ ಮೈಲಿ ಬಡಗಣಕ್ಕೆ ಹೋಗಬೇಕು. ಕಡಲ ದಂಡೆಯು ಪಡುವಣಕ್ಕೆ ವಾಲಿರುವುದರಿಂದ ಇನ್ನು ಸ್ವಲ್ಪ ಕೂಡುತ್ತದೆ. ಇನ್ನೊಂದು ಲೆಕ್ಕವಿದೆ: ಹಿಡಿದ ದಿಕ್ಕಿನಲ್ಲಿ ಒಂದೇ ಅಂಶ ತಪ್ಪಿದರೆ ಅರವತ್ತು ಮೈಲಿ ನಡೆದಾಗ ಸುಮಾರು ಒಂದು ಮೈಲಿ ದಾರಿ ತಪ್ಪಿರುತ್ತದೆ. ಮಂಗಳೂರಿನ ರನ್‌ವೇಗೆ ಒಂದು ಕಡೆಯಿಂದ 06 ಎಂದೂ ಇನ್ನೊಂದು ಕಡೆಯಿಂದ 24 ಎಂದೂ ಹೆಸರು. ಹತ್ತರಿಂದ ಗುಣಿಸಿದರೆ 60, 240 ಅಂಶಗಳ ದಿಕ್ಕುಗಳು, ನಡುವೆ 180. ಜ್ಯೋತಿಷದ ಪಾಠಶಾಲೆಯಲ್ಲಿ ಕಲಿತ ಹುಡುಗನಿಗೆ ಇದು ಹೊಸ ಭಾಷೆಯೇನೂ ಅಲ್ಲ.

ಹವೆಯ ಪಾಠಕ್ಕಂತೂ ಈ ಕರಾವಳಿಗಿಂತ ಒಳ್ಳೆಯ ಮಠ ಬೇರೊಂದಿಲ್ಲ. ಹಗಲು ನೆಲವು ಬೇಗ ಕಾಯ್ದು, ಅದರ ಮೇಲಿನ ಗಾಳಿಯು ಮೇಲೇರಿ, ಕಡಲಿನ ತಂಪು ಗಾಳಿಯು ಒಳಕ್ಕೆ ನುಗ್ಗುವುದನ್ನೂ, ರಾತ್ರಿ ಅದು ತಿರುವುಮುರುವಾಗುವುದನ್ನೂ ಮೀನುಗಾರರ ಮಕ್ಕಳು ಓದದೆಯೇ ಬಲ್ಲರು. ಜೂನ್ ಒಂದರಿಂದ ಜುಲೈ ಕಡೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವ ತಿಂಗಳುಗಳಲ್ಲಿ ಘಟ್ಟಕ್ಕೆ ತಾಗಿದ ಮೋಡವು ಹೇಗೆ ಮಳೆಯಾಗಿ ಇಳಿಯುವುದೆಂಬುದನ್ನು ಮನೆಯ ಜಗಲಿಯಿಂದಲೇ ನೋಡಬಹುದು. ಹೊನ್ನಾವರದಲ್ಲಿ ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಅದರ ಅಂಕಿಗಳ ಜೊತೆಯಲ್ಲಿ, ಹುಡುಗನು ಪ್ರತಿ ಸಂಜೆ ಗಾಳಿಯ ದಿಕ್ಕು, ಮೋಡದ ಜಾತಿ, ಗುಡ್ಡ ಎಷ್ಟು ದೂರದವರೆಗೆ ಕಂಡಿತು ಎಂಬ ಮೂರನ್ನು ಒಂದು ವರ್ಷ ಬರೆದಿಡಲಿ. ಒಂದು ವರ್ಷ ಬರೆಯಲಾರದವನು ಹಾರಾಟದ ದಿನಚರಿಯನ್ನೂ ಬರೆಯಲಾರನು.

ಆದರೆ ಇವೆಲ್ಲಕ್ಕಿಂತ ಕಷ್ಟವಾದ ಪಾಠವೊಂದುಂಟು. ಅದನ್ನು ಮಠದ ಮಕ್ಕಳಿಗೆ ಹೇಳುವಾಗ ಹಿರಿಯರಿಗೂ ಸ್ವಲ್ಪ ಸಂಕೋಚವಾಗುತ್ತದೆ.

2010ನೆಯ ಇಸವಿ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಗುಡ್ಡದ ತಲೆಯನ್ನು ಸಮಮಾಡಿ ಮಾಡಿದ ಆ ರನ್‌ವೇಯ ಉದ್ದ 2450 ಮೀಟರು, ಅದರಾಚೆಗೆ ಕಮರಿ. ವಿಮಾನವು ಇರಬೇಕಾದುದಕ್ಕಿಂತ ಎತ್ತರದಲ್ಲಿಯೂ ವೇಗದಲ್ಲಿಯೂ ಬಂದು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ನೆಲವನ್ನು ಮುಟ್ಟಿತು. ನಿಲ್ಲಲಾರದೆ ಅಂಚನ್ನು ದಾಟಿ ಕೆಳಗುರುಳಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಹೋದರು. ಎಂಟು ಜನ ಉಳಿದರು. ವಿಚಾರಣೆಯಲ್ಲಿ ಹೊರಪಟ್ಟುದೇನೆಂದರೆ, ಪಕ್ಕದಲ್ಲಿದ್ದ ಕಿರಿಯ ಚಾಲಕನು ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೇರಬೇಕೆಂದು ಮೂರು ಸಲ ಹೇಳಿದ್ದನು, ಯಂತ್ರವೂ ಎಚ್ಚರಿಸುತ್ತಿದ್ದಿತು. ಹಿರಿಯನು ಕೇಳಲಿಲ್ಲ. ದಾರಿಯ ಬಹುಭಾಗ ಅವನು ನಿದ್ರೆಯಲ್ಲಿದ್ದು ಎದ್ದಿದ್ದನೆಂಬುದೂ ಧ್ವನಿಮುದ್ರಿಕೆಯಿಂದ ತಿಳಿಯಿತು. ಇದಕ್ಕೂ ಮುಂಚೆ 1977ರ ಮಾರ್ಚ್ 27ರಂದು ತೆನೆರಿಫೆ ದ್ವೀಪದಲ್ಲಿ ಎರಡು ದೊಡ್ಡ ವಿಮಾನಗಳು ನೆಲದ ಮೇಲೆಯೇ ಢಿಕ್ಕಿ ಹೊಡೆದು 583 ಜನ ಸತ್ತಾಗಲೂ, ಮುಂದಿನ ವಿಮಾನವು ಇನ್ನೂ ದಾರಿ ಬಿಟ್ಟಿಲ್ಲವಲ್ಲವೇ ಎಂದು ಕಿರಿಯನೊಬ್ಬನು ಕೇಳಿದ ಪ್ರಶ್ನೆಯನ್ನು ಹಿರಿಯನು ತಳ್ಳಿಹಾಕಿದ್ದನು.

ಗುರುಹಿರಿಯರ ಮಾತಿಗೆ ಎದುರಾಡಬಾರದೆಂದು ಮನೆಯಲ್ಲಿಯೂ ಮಠದಲ್ಲಿಯೂ ಕಲಿತ ಮಗುವು ಆ ಕಿರಿಯನ ಪೀಠದಲ್ಲಿ ಕುಳಿತರೆ ಏನು ಮಾಡೀತು? ಮೂರು ಸಲ ಹೇಳಿ ಸುಮ್ಮನಾಗುವುದು ವಿನಯವೆಂದು ತಿಳಿದೀತೇ? ಅನುಭವ ಮಂಟಪದಲ್ಲಿ ಶೂನ್ಯಪೀಠವನ್ನೇರಿದ ಅಲ್ಲಮಪ್ರಭುಗಳ ಕಠಿನ ಪ್ರಶ್ನೆಗಳಿಗೆ ತರುಣಿಯಾದ ಅಕ್ಕಮಹಾದೇವಿಯು ತಲೆತಗ್ಗಿಸದೆ ಉತ್ತರ ಕೊಟ್ಟಳೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ಆ ಉತ್ತರಗಳಿಂದ ಪ್ರಭುವಿನ ಗೌರವಕ್ಕೆ ಕುಂದುಂಟಾಗಲಿಲ್ಲ. ಇಂದಿನ ವಿಮಾನ ಶಿಕ್ಷಣದಲ್ಲಿ ಹಿರಿಯನು ಕಿರಿಯನ ಮಾತನ್ನು ಕೇಳುವುದನ್ನೂ, ಕಿರಿಯನು ಸಮಯ ಬಂದಾಗ ತಾನೇ ಹಿಡಿತವನ್ನು ತೆಗೆದುಕೊಳ್ಳುವುದನ್ನೂ ಬೇರೊಂದು ಪಾಠವಾಗಿಯೇ ಕಲಿಸುತ್ತಾರೆ. ತಂದೆತಾಯಿಗಳು ಈ ಪಾಠವನ್ನು ಮನೆಯಲ್ಲಿಯೇ ಪ್ರಾರಂಭಿಸಬಹುದು. ಲೆಕ್ಕದಲ್ಲಿ ಅಪ್ಪನು ತಪ್ಪಿದ್ದಾನೆಂದು ಮಗಳು ತೋರಿಸಿದಾಗ ಗದರಿಸದಿದ್ದರಾಯಿತು.

ಮಗಳೆಂದುದು ಬೇಕೆಂದೇ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನವನ್ನು ನಡೆಸಿದವರೆಲ್ಲರೂ ಸ್ತ್ರೀಯರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿಯೂ 2022ರಿಂದ ಕನ್ಯೆಯರಿಗೆ ಪ್ರವೇಶವುಂಟಾಗಿದೆ.

ಇನ್ನು ತೋಟದ ಪ್ರಶ್ನೆ. ಶಿಕ್ಷಣಕ್ಕೆ ಅರ್ಧ ಕೋಟಿ ರೂಪಾಯಿಗಳ ಆಸುಪಾಸು, ಅನೇಕ ಕಡೆ ಅದಕ್ಕೂ ಮೇಲೆ ಬೀಳುತ್ತದೆ. ಅದಾದ ಮೇಲೆ ಗೊತ್ತಾದ ಒಂದು ಜಾತಿಯ ದೊಡ್ಡ ವಿಮಾನಕ್ಕಾಗಿ ಬೇರೆ ಶಿಕ್ಷಣ, ಬೇರೆ ಹಣ. ಲೈಸೆನ್ಸು ಕೈಗೆ ಬಂದೊಡನೆ ಕೆಲಸವು ಬಾರದು. ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತುಹೋದಾಗ ಅನುಭವಸ್ಥ ಚಾಲಕರೇ ಕೆಲಸಕ್ಕಾಗಿ ಅಲೆದರು. 2020ರ ಮಹಾಮಾರಿಯಲ್ಲಿ ವಿಮಾನಗಳೆಲ್ಲ ನೆಲಹಿಡಿದಾಗಲೂ ಹಾಗೆಯೇ. ಹೊಸಬರ ಪಾಡನ್ನು ಹೇಳಬೇಕಾದುದಿಲ್ಲ. ಬ್ಯಾಂಕಿನ ಬಡ್ಡಿಯಾದರೋ ಮಹಾಮಾರಿಯನ್ನು ಅರಿಯದು. ಆದುದರಿಂದ ಇರುವ ತೋಟವೆಲ್ಲವನ್ನೂ ಒತ್ತೆಯಿಡುವುದು ವಿಹಿತವಲ್ಲವೆಂದೇ ಹೇಳಬೇಕಾಗುತ್ತದೆ.

ಹಣವಿಲ್ಲದವನಿಗೂ ದಾರಿಗಳಿವೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ರಕ್ಷಣಾ ಅಕಾಡೆಮಿಯ ಪರೀಕ್ಷೆಯಲ್ಲಿ ಗೆದ್ದು ವಾಯುಪಡೆಗೆ ಸೇರಿದವನಿಗೆ ಹಾರಾಟವನ್ನು ಸರಕಾರವೇ ಕಲಿಸುತ್ತದೆ. ಆದರೆ ಅದು ದೇಶಸೇವೆಯ ವ್ರತ, ಮುಂದೆ ಕಂಪನಿಯ ಕೆಲಸ ಹಿಡಿಯುವುದಕ್ಕಾಗಿ ಮಾಡಿಕೊಂಡ ಮೆಟ್ಟಿಲೆಂದು ಭಾವಿಸಬಾರದು. ಎನ್.ಸಿ.ಸಿ.ಯ ವಾಯು ವಿಭಾಗವುಳ್ಳ ಕಾಲೇಜಿಗೆ ಸೇರಿದರೆ ವಿಮಾನದ ಪ್ರಥಮ ಪರಿಚಯವಾಗುತ್ತದೆ. ಖರ್ಚು ಮಾಡಿ ಕಲಿಯುವವರು ಜಯಚಾಮರಾಜೇಂದ್ರ ಒಡೆಯರ ಕಾಲದಿಂದ ಇರುವ ಜಕ್ಕೂರಿನ ಸರಕಾರಿ ಶಾಲೆ, ರಾಯಬರೇಲಿಯ ಬಳಿಯ ಫುರ್ಸತ್‌ಗಂಜಿನ ಕೇಂದ್ರ ಸರಕಾರದ ಅಕಾಡೆಮಿ ಇವುಗಳನ್ನು ಮೊದಲು ವಿಚಾರಿಸತಕ್ಕದ್ದು. ಖಾಸಗಿ ಶಾಲೆಯಾದರೆ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಹಿಂದಿನ ತಂಡದವರು 200 ಗಂಟೆಗಳನ್ನು ಎಷ್ಟು ತಿಂಗಳಲ್ಲಿ ಮುಗಿಸಿದರು ಎಂಬೆರಡನ್ನು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿ, ಶುಲ್ಕವನ್ನು ಒಂದೇ ಕಂತಿನಲ್ಲಿ ಕೊಡದಿರುವುದು ಲೇಸು.

ಶಿರಸಂಗಿಯ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಆಗಿನ ಬೇಡಿಕೆಯು ಊಟ, ವಸತಿ, ಪುಸ್ತಕಗಳದು. ಪ್ರಸಾದನಿಲಯಗಳು ಅದನ್ನು ಪೂರೈಸುತ್ತ ಬಂದಿವೆ. ಅರ್ಧ ಕೋಟಿಯ ವಿದ್ಯೆಗೆ ಪ್ರಸಾದನಿಲಯವು ಸಾಲದು. ಈ ಉತ್ಸವದ ನಿಧಿಯಿಂದ, ವೈದ್ಯ ಪರೀಕ್ಷೆಯಲ್ಲಿಯೂ ಗಣಿತದಲ್ಲಿಯೂ ಗೆದ್ದ ಒಂದಿಬ್ಬರು ಮಕ್ಕಳಿಗೆ ಬಡ್ಡಿಯಿಲ್ಲದ ಸಾಲವನ್ನು ಕೊಟ್ಟು, ಅವರು ಗಳಿಸಿದಾಗ ಅದೇ ಹಣವನ್ನು ಮುಂದಿನವರಿಗಾಗಿ ಹಿಂತಿರುಗಿಸುವಂತೆ ಏರ್ಪಡಿಸಬಹುದೇ ಎಂಬುದನ್ನು ಇಲ್ಲಿ ನೆರೆದಿರುವ ಶ್ರೀಮಂತ ಭಕ್ತರು ಈ ದಿನವೇ ಕುಳಿತು ಆಲೋಚಿಸಬೇಕೆಂದು ಪ್ರಾರ್ಥನೆ.