ಹಳೆಯ ಕಾಗದಗಳಲ್ಲಿ ಮನೆತನದ ಚರಿತ್ರೆ



ತರ್ಪಣಕಾಲದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರ ನಾಮೋಚ್ಚಾರಣೆ ನಡೆಯುತ್ತದೆ. ಅದಕ್ಕೂ ಹಿಂದಿನವರ ಹೆಸರುಗಳು ಅನೇಕ ಮನೆಗಳಲ್ಲಿ ಮರೆತುಹೋಗಿವೆ. ಹಳೆಯ ಜಾತಕ, ಜಮೀನಿನ ಪತ್ರ, ಪಂಚಾಂಗದ ಅಂಚಿನಲ್ಲಿ ಗುರುತಿಸಿದ ಶ್ರಾದ್ಧತಿಥಿ, ದೇವರ ಪೆಟ್ಟಿಗೆಯ ತಾಳೆಯೋಲೆ ಇವುಗಳಲ್ಲಿ ಅವು ಉಳಿದಿರಬಹುದು.

ಆದರೆ ಓದುವ ಕ್ರಮವನ್ನು ಅರಿತಿರಬೇಕು. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳುತ್ತವೆ. ‘ಪ್ರಭವ’ ಎಂದಷ್ಟೇ ಬರೆದಿದ್ದರೆ ಅದು 1867 ಆಗಿರಬಹುದು, 1927 ಕೂಡ ಆಗಿರಬಹುದು. ಜೊತೆಗೆ ಶಕವರ್ಷವಿದ್ದಲ್ಲಿ 78ನ್ನು, ಮಾಘ-ಫಾಲ್ಗುಣಗಳಿಗೆ 79ನ್ನು ಕೂಡಿಸಿದರೆ ಸಂದೇಹ ಪರಿಹಾರವಾಗುತ್ತದೆ.

ಕಾಗದ ಮೋಡಿಯಲ್ಲಿರಬಹುದು, ಓಲೆ ನಂದಿನಾಗರಿಯಲ್ಲಿಯೋ ತಿಗಳಾರಿಯಲ್ಲಿಯೋ ಇರಬಹುದು. ಈ ಲಿಪಿಗಳನ್ನು ಬಲ್ಲ ಹಿರಿಯರು ವಿರಳರಾಗುತ್ತಿದ್ದಾರೆ. ಆದುದರಿಂದ ಮನೆ ಬದಲಾಯಿಸುವಾಗ ಹಳೆಯ ಗಂಟನ್ನು ರದ್ದಿಗೆ ಹಾಕುವ ಮುನ್ನ ಬಿಚ್ಚಿ ನೋಡಬೇಕು, ಬಲ್ಲವರಿಂದ ಓದಿಸಬೇಕು. ನಾಲ್ಕನೆಯ ತಲೆಮಾರಿನ ಹೆಸರು ಅಲ್ಲಿಯೇ ಇದ್ದೀತು.