ನಮೀಬಿಯಾದ ಜಲ್ಲಿ ರಸ್ತೆಯಲ್ಲಿ

ನಾನು ಆಫ್ರಿಕಾದಲ್ಲಿ ಸೈಕಲ್ ತುಳಿದು ಬಂದೆ ಅಂದಾಗ ನಮ್ಮ ಸಂಘದ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ, "ಸಿಂಹ ಬರಲಿಲ್ವೇನಮ್ಮಾ?" ಬರಲಿಲ್ಲ ಆಂಟಿ. ಉಷ್ಟ್ರಪಕ್ಷಿ ಬಂತು, ನಮ್ಮನ್ನು ನೋಡಿ ಅದೇ ಓಡಿತು.

ನಾನೂ ನನ್ನ ಎಂ.ಟೆಕ್ ಗೆಳತಿಯೂ ಆಗಸ್ಟ್‌ನಲ್ಲಿ ರಜೆ ಹಾಕಿ ನಮೀಬಿಯಾಕ್ಕೆ ಹೋಗಿದ್ದೆವು. ಅಲ್ಲಿ ಸಾಲಿಟೇರ್ ಅಂತ ಒಂದು ಊರು. ಊರೆಂದರೆ ಪೆಟ್ರೋಲ್ ಬಂಕ್, ಬೇಕರಿ, ತುಕ್ಕು ಹಿಡಿದ ಹಳೇ ಕಾರುಗಳು, ಅಷ್ಟೇ. ಅಲ್ಲಿಂದ ಸಮುದ್ರ ದಂಡೆಯ ವಾಲ್ವಿಸ್ ಬೇಗೆ ಸಿ14 ರಸ್ತೆಯಲ್ಲಿ ಸುಮಾರು 230 ಕಿ.ಮೀ. ಎರಡು ದಿನ ಸಾಕು ಎಂದು ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕಿದ್ದೆ!

ಮನೆ ಮೇಲೆ ಹೊದಿಸುವ ಸಿಮೆಂಟ್ ಶೀಟ್ ಇದೆಯಲ್ಲ, ಅದನ್ನು ಕಿಲೋಮೀಟರ್‌ಗಟ್ಟಲೆ ಹಾಸಿದಂತಿತ್ತು ಆ ರಸ್ತೆ. ವಾಹನಗಳ ಚಕ್ರ ಕುಪ್ಪಳಿಸಿ ಕುಪ್ಪಳಿಸಿಯೇ ಜಲ್ಲಿಯಲ್ಲಿ ಈ ಅಲೆಗಳು ಏಳುವುದು. ವೇಗವಾಗಿ ಹೋಗುವ ಕಾರು ತುದಿಯಿಂದ ತುದಿಗೆ ಹಾರಿಕೊಂಡು ಹೋಗುತ್ತದೆ. ಸೈಕಲ್ ಮಾತ್ರ ಪ್ರತಿಯೊಂದನ್ನೂ ಹತ್ತಿ ಇಳಿಯಬೇಕು. ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ವಾಸಿ. ಆದರೂ ಬೆರಳು ಜೋಮು ಹಿಡಿದು, ರಾತ್ರಿ ಟೆಂಟಿನ ಜಿಪ್ ಎಳೆಯಲು ಆಗುತ್ತಿರಲಿಲ್ಲ. ಅಂಚಿಗೆ ಸರಿದರೆ ಮರಳು, ಇಳಿದು ತಳ್ಳಬೇಕು. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಎದುರುಗಾಳಿ. ಗಂಟೆಗೆ ಎಂಟು ಕಿ.ಮೀ. ಹೋದರೆ ಅದೇ ದೊಡ್ಡದು.

ಎರಡನೇ ರಾತ್ರಿ ಕುಯಿಸೆಬ್ ಕಣಿವೆಯಲ್ಲಿ ತಂಗಿದೆವು. ಹೆಸರಿಗೆ ನದಿ, ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೆನ್ನೋ ಮಾರ್ಟಿನ್, ಹರ್ಮನ್ ಕಾರ್ನ್ ಎಂಬ ಜರ್ಮನ್ ಭೂವಿಜ್ಞಾನಿಗಳು ಈ ಕಡೆ ಎರಡು ವರ್ಷಕ್ಕೂ ಹೆಚ್ಚು ಅಡಗಿದ್ದರು. ನಾವು ಒಂದು ರಾತ್ರಿಗೇ ಬಾಟಲಿ ಎಣಿಸುತ್ತಿದ್ದೆವು.

ಕಣಿವೆ ದಾಟಿದರೆ ಬಟ್ಟಬಯಲು. ಒಂದು ಪೊದೆಯಿಲ್ಲ, ಬಂಡೆಯಿಲ್ಲ, ಎಲ್ಲಿ ಕೂತರೂ ದೂರದಿಂದ ಕಾಣುತ್ತದೆ. ನಿಮಗೆ ಅರ್ಥವಾಗಿರಬೇಕು. ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿಯುವ ನಾನು ಆಫೀಸ್ ಮುಟ್ಟುವವರೆಗೆ ನೀರು ಕುಡಿಯುವುದಿಲ್ಲ. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಅಲ್ಲವೇ? ಅದೇ ಅಭ್ಯಾಸ ಮರುಭೂಮಿಗೂ ಬಂತು. ಬೆಳಿಗ್ಗೆಯಿಂದ ಒಂದೆರಡು ಗುಟುಕು, ಅಷ್ಟೇ. ಮಧ್ಯಾಹ್ನ ತಲೆ ಸಿಡಿಯಿತು, ಮೀನಖಂಡ ಹಿಡಿದುಕೊಂಡಿತು, ಗೆಳತಿ ಹೇಳಿದ್ದು ಕೇಳಿಸಿದರೂ ಉತ್ತರ ಹೊಳೆಯಲಿಲ್ಲ. ಅವಳು ನನ್ನನ್ನು ರಸ್ತೆ ಬದಿಗೆ ಕೂರಿಸಿ ಬಂದ ಮೊದಲ ಪಿಕಪ್‌ಗೆ ಕೈ ಅಡ್ಡ ಹಿಡಿದಳು.

ಓಡಿಸುತ್ತಿದ್ದವರು ನಮ್ಮಮ್ಮನ ವಯಸ್ಸಿನ ರೈತ ಮಹಿಳೆ. ಸೈಕಲ್ಲಿನಲ್ಲಿ ತುಂಬಿದ ಬಾಟಲಿಗಳನ್ನು ನೋಡಿ, "ನೀರಿದ್ದೂ ಯಾಕೆ ಕುಡಿಯಲಿಲ್ಲ?" ಎಂದರು. ಕಾರಣ ಹೇಳಲು ನಾಚಿಕೆಯಾಯಿತು, ಹೇಳಿದೆ. ಅವರು ನಗಲಿಲ್ಲ. ಗಾಡಿಯ ಒಂದೇ ಬದಿಯ ಎರಡೂ ಬಾಗಿಲು ತೆರೆದರು. ನಡುವೆ ಒಬ್ಬರು ಕೂರುವಷ್ಟು ಮರೆ. "ಮೊದಲು ಕುಡಿ. ಆಮೇಲೆ ಇಲ್ಲಿ ಹೋಗು. ನಾವೆಲ್ಲ ಹೀಗೇ ಮಾಡೋದು," ಎಂದು ಬೆನ್ನು ತಿರುಗಿಸಿ ನಿಂತರು.

ಕೊನೆಯ 60 ಕಿ.ಮೀ. ಸೈಕಲ್‌ಗಳನ್ನು ಹಿಂದೆ ಹಾಕಿ ಅವರ ಗಾಡಿಯಲ್ಲೇ ಹೋದೆವು. ಆಫೀಸಿನಲ್ಲಿ "ಪೂರ್ತಿ ತುಳಿದ್ಯಾ?" ಎಂದು ಕೇಳಿದವರಿಗೆ ಇಲ್ಲ ಎಂದೇ ಹೇಳುತ್ತೇನೆ. ಬಂದ ಮೇಲೆ ಸೈಕಲ್ಲಿಗೆ ಕಟ್ಟಲು ಒಂದು ದೊಡ್ಡ ಕೊಡೆ ಕೊಂಡಿದ್ದೇನೆ. ಮಳೆಗಲ್ಲ.

ಪ್ರಶ್ನೆಗಳಿದ್ದರೆ ಕೇಳಿ.